ನಿಂತ ಕಂತು, ನಿಲ್ಲದ ಬಡ್ಡಿ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದೆಂದರೆ ಕೈಯೊಡ್ಡುವುದೆಂದೂ, ಮಾನವಂತರ ಮನೆಯ ಮಕ್ಕಳಿಗೆ ಅದು ತಕ್ಕುದಲ್ಲವೆಂದೂ ಭಾವಿಸುವ ತಂದೆತಾಯಿಗಳು ಮುಂಬಯಿಯ ಕನ್ನಡಿಗರಲ್ಲಿ ಇಂದಿಗೂ ಇದ್ದಾರೆ. ಆದರೆ 1908ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯು ಇಲ್ಲಿ ತೆರೆದ ರಾತ್ರಿಶಾಲೆಯಲ್ಲಿ ಹಗಲೆಲ್ಲ ದುಡಿದ ತರುಣರು ಶುಲ್ಕವಿಲ್ಲದೆ ಓದಿದರು. 1911ರಲ್ಲಿ ಗೌಡ ಸಾರಸ್ವತರು ವಿದ್ಯಾರ್ಥಿವೇತನಕ್ಕೆಂದೇ ಇದೇ ನಗರದಲ್ಲಿ ಒಂದು ಲೀಗನ್ನು ಕಟ್ಟಿದರು. ಸಮಾಜವು ತನ್ನ ಮಕ್ಕಳಿಗೆಂದು ಕೂಡಿಟ್ಟ ಧನವನ್ನು ಆ ಮಕ್ಕಳೇ ಒಲ್ಲೆವೆಂದರೆ ಅದು ಇನ್ನಾರಿಗಾಗಿ ಉಳಿಯಬೇಕು?

ಸರಕಾರದ ನೆರವು ಮರಾಠಿಗರಿಗೆ ಮಾತ್ರವೆಂಬುದೂ ಅಂಥದೇ ಭ್ರಾಂತಿ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯು ಅಧಿವಾಸ ಪತ್ರವನ್ನೂ, 8 ಲಕ್ಷ ರೂಪಾಯಿಯೊಳಗಿನ ವಾರ್ಷಿಕ ಆದಾಯವನ್ನೂ ಕೇಳುತ್ತದೆಯೇ ಹೊರತು ತಾಯಿನುಡಿಯನ್ನು ಕೇಳುವುದಿಲ್ಲ.

ಭಾಂಡುಪಿನ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಹೋಟೆಲಿನ ಗಲ್ಲಾದಲ್ಲಿ ಕೂರುವ ತಂದೆಗೆ, ಅಡವಿಡಲು ಸ್ವಂತ ಮನೆಯಿಲ್ಲದ ಕಾರಣ ಬ್ಯಾಂಕಿನ ಬಾಗಿಲು ಮುಚ್ಚಿದೆಯೆಂಬ ಅಂಜಿಕೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗಿನ ಸಾಲಕ್ಕೆ ಅಡವು ಬೇಡ, ತಂದೆಯೋ ತಾಯಿಯೋ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 2015ರಿಂದ ಸರಕಾರದ ಖಾತರಿ ನಿಧಿಯ ಆಸರೆಯಲ್ಲಿ ಈ ಮಿತಿ 7.5 ಲಕ್ಷದವರೆಗೆ ವಿಸ್ತರಿಸಿದೆ. ನಿಮ್ಮ ಮನೆ ನಮ್ಮ ಶಾಖೆಯ ವ್ಯಾಪ್ತಿಯಲ್ಲಿಲ್ಲವೆಂಬ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ತಿಳಿಸಿದೆ.

ಆದರೆ ನನ್ನನ್ನು ಎಲ್ಲಕ್ಕಿಂತ ವ್ಯಾಕುಲಗೊಳಿಸುವುದು, ಸಾಲ ದೊರೆತವರ ಮನದಲ್ಲಿ ಬೇರೂರಿರುವ, ಓದು ಮುಗಿಯುವವರೆಗೆ ಬಡ್ಡಿಯೂ ನಿದ್ರಿಸುತ್ತದೆಯೆಂಬ ನಂಬಿಕೆ. ವ್ಯಾಸಂಗದ ಅವಧಿಯಲ್ಲಿಯೂ ಆಮೇಲಿನ ಒಂದು ವರ್ಷದಲ್ಲಿಯೂ ನಿಲ್ಲುವುದು ಕಂತು ಮಾತ್ರ. ಮಗಳ ನಾಲ್ಕು ವರ್ಷದ ಇಂಜಿನಿಯರಿಂಗ್ ಓದಿಗೆ ಪ್ರತಿವರ್ಷದ ಆರಂಭದಲ್ಲಿ 1 ಲಕ್ಷದಂತೆ, ನೂರಕ್ಕೆ 10ರ ಸರಳಬಡ್ಡಿಯಲ್ಲಿ ಸಾಲ ಪಡೆದರೆನ್ನೋಣ: ಮೊದಲ ಲಕ್ಷವು ಐದು ವರ್ಷಗಳಲ್ಲಿ 50,000 ರೂಪಾಯಿಯನ್ನೂ, ಉಳಿದವು ಕ್ರಮವಾಗಿ 40,000, 30,000, 20,000 ರೂಪಾಯಿಗಳನ್ನೂ ಬಡ್ಡಿಯಾಗಿ ಹೆತ್ತಿರುತ್ತವೆ, ಆದುದರಿಂದ ಮೊದಲ ಕಂತಿನ ದಿನ ಅವಳ ಹೆಗಲ ಮೇಲಿರುವುದು 4 ಲಕ್ಷವಲ್ಲ, 5,40,000. ವಾರ್ಷಿಕ ಆದಾಯ 4.5 ಲಕ್ಷ ಮೀರದ ಮನೆಯವರಾದರೆ, ಅರ್ಹ ವೃತ್ತಿಶಿಕ್ಷಣಕ್ಕೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆಯುಂಟು. ಅದಕ್ಕೆ ಆದಾಯದ ಪ್ರಮಾಣಪತ್ರವನ್ನು ಒಪ್ಪಿಸಬೇಕಾಗುತ್ತದೆ. ಆ ಅನುಕೂಲವಿಲ್ಲದವರು ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂಪಾಯಿಯನ್ನು ಕಟ್ಟುತ್ತ ಬಂದರೆ ಆ ವರ್ಷದ ಬಡ್ಡಿ ಅಲ್ಲಿಯೇ ತೀರುತ್ತದೆ.