ಬೀಗದ ಪಟ್ಟಿ ಯಾರ ಕೈಯಲ್ಲಿ?

ಪ್ರಶ್ನೆ: ನಮ್ಮ ಕಂಪನಿಯ ಸ್ಯಾಪ್ ವ್ಯವಸ್ಥೆಯಲ್ಲಿ ಸೆಂಟ್ರಲ್ ಸರ್ವರ್, ಅಪ್ಲಿಕೇಶನ್ ಸರ್ವರ್ ಎಂದು ಬೇರೆಬೇರೆ ಯಾಕೆ?

ಉತ್ತರ: ಇನ್‌ವಾಯ್ಸ್ ಲೆಕ್ಕ, ವರದಿ, ಪ್ರಿಂಟ್ ಇವೆಲ್ಲ ಅಪ್ಲಿಕೇಶನ್ ಸರ್ವರಿನ ದುಡಿಮೆ. ಬಳಕೆದಾರರು ಹೆಚ್ಚಿದರೆ ಇಂಥವನ್ನು ಇನ್ನಷ್ಟು ಸೇರಿಸಬಹುದು. ಸೆಂಟ್ರಲ್ ಸರ್ವರಿನದು ಮುಖ್ಯವಾಗಿ ಎರಡು ಸೇವೆ. ಮೆಸೇಜ್ ಸರ್ವರ್ ಲಾಗಿನ್ ಆಗುವವರನ್ನು ಹೊರೆ ಕಡಿಮೆಯಿರುವ ಕಡೆ ಕಳಿಸುತ್ತದೆ. ಎನ್‌ಕ್ಯೂ ಸರ್ವರ್ ಬೀಗಗಳ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಒಂದೇ ಆರ್ಡರನ್ನು ಇಬ್ಬರು ಒಟ್ಟಿಗೆ ತಿದ್ದಲು ಹೊರಟರೆ ಎರಡನೆಯವರನ್ನು ತಡೆಯುವುದು ಇದೇ. ಈ ಪಟ್ಟಿ ಸರ್ವರಿಗೊಂದರಂತೆ ಇದ್ದರೆ ಲೆಕ್ಕವೇ ಕೆಟ್ಟೀತು. ಅದಕ್ಕೇ ಇಡೀ ವ್ಯವಸ್ಥೆಗೆ ಒಂದೇ. ಅಪ್ಲಿಕೇಶನ್ ಸರ್ವರೊಂದು ಕೈಕೊಟ್ಟರೆ ಅದರಲ್ಲಿದ್ದವರು ಇನ್ನೊಂದಕ್ಕೆ ಲಾಗಿನ್ ಆಗಬಹುದು. ಸೆಂಟ್ರಲ್ ಕೈಕೊಟ್ಟರೆ ಎಲ್ಲರ ಕೆಲಸಕ್ಕೂ ಅಡ್ಡಿ. ಆದ್ದರಿಂದ ಬೀಗದ ಪಟ್ಟಿಯ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ಇಡುವ ಏರ್ಪಾಡು ನಿಮ್ಮಲ್ಲಿದೆಯೇ ಎಂದು ಐಟಿ ವಿಭಾಗದವರನ್ನು ತಪ್ಪದೆ ಕೇಳಿ.