ನಗರದ ಬೀದಿ ಯಾರಿಗೆ?

ಈಚೆಗೆ ಒಂದು ಸಂಜೆ ಪೇಟೆಯ ಬೀದಿಯನ್ನು ದಾಟಲಾರದೆ ಬಹಳ ಹೊತ್ತು ನಿಂತಿದ್ದೆನು. ಶಾಲೆ ಬಿಟ್ಟು ಬಂದ ಬಾಲಕನೊಬ್ಬನೂ ನನ್ನಂತೆಯೇ ನಿಂತಿದ್ದನು. ಕಡೆಗೆ ಕೈಕೈ ಹಿಡಿದು ದಾಟಿದೆವು. ನಾನು ಅವನನ್ನು ದಾಟಿಸಿದೆನೋ ಅವನು ನನ್ನನ್ನು ದಾಟಿಸಿದನೋ ತಿಳಿಯದು. ಬೀದಿಯಿರುವುದು ಜನರಿಗಾಗಿಯೋ ವಾಹನಗಳಿಗಾಗಿಯೋ ಎಂಬ ಪ್ರಶ್ನೆ ಅಂದು ನನ್ನ ಮನಸ್ಸಿನಲ್ಲಿ ಮೂಡಿತು.

ವಾಚಕರು ಒಂದು ಬಾಯಿಲೆಕ್ಕವನ್ನು ಮಾಡಿ ನೋಡಬೇಕು. 60 ಮಂದಿ ಪೇಟೆಗೆ ಹೋಗಬೇಕಾಗಿದೆ. ಕಾರಿಗೆ ಇಬ್ಬರಂತೆ ಹೊರಟರೆ 30 ಕಾರುಗಳು ಬೇಕು; ಕೂಡಿ ಹೊರಟರೆ ಬಸ್ಸೊಂದೇ ಸಾಕು. ಇಕ್ಕಟ್ಟೆಂದು ಬೀದಿಯನ್ನು ಅಗಲಿಸಿದರೆ, ಕೆಲವು ಕಾಲದಲ್ಲಿಯೇ ಮತ್ತಷ್ಟು ಕಾರುಗಳು ಬಂದು ಅದನ್ನೂ ತುಂಬುವುವು. ಆದಕಾರಣ ಎಷ್ಟು ವಾಹನಗಳು ಸಾಗಿದುವೆಂಬುದನ್ನಲ್ಲ, ಎಷ್ಟು ಜನರು ಸಾಗಿದರೆಂಬುದನ್ನು ಎಣಿಸುವುದೇ ಯುಕ್ತವು.

ಈ ಲೆಕ್ಕವನ್ನು ಅರಿತು ನಡೆದ ನಗರವೊಂದುಂಟು. ಅದು ಬ್ರೆಜಿಲ್ ದೇಶದ ಕುರಿಟಿಬಾ. ವಾಸ್ತುಶಿಲ್ಪಿಯಾದ ಜೈಮಿ ಲರ್ನರ್ ಎಂಬವರು 1971ರಲ್ಲಿ ಅಲ್ಲಿಯ ನಗರಾಧ್ಯಕ್ಷರಾದರು. ಮರುವರ್ಷವೇ ಪೇಟೆಯ ಮುಖ್ಯ ಬೀದಿಯೊಂದನ್ನು ವಾಹನಗಳಿಂದ ಬಿಡಿಸಿ ಕಾಲ್ನಡೆಯವರಿಗೆ ಒಪ್ಪಿಸಿದರು. ನೆಲದಡಿಯ ರೈಲಿಗೆ ಅಪಾರವಾದ ಹಣ ಬೇಕು. ಅದರ ಬದಲು ಬಸ್ಸನ್ನೇ ರೈಲಿನಂತೆ ಓಡಿಸುವುದೆಂದು ನಿಶ್ಚಯಿಸಿ, 1974ರಲ್ಲಿ ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥವನ್ನು ಏರ್ಪಡಿಸಿದರು. 1991ರಲ್ಲಿ ಗಾಜಿನ ಕೊಳವೆಯಂತಹ ನಿಲ್ದಾಣಗಳು ಬಂದುವು. ಪ್ರಯಾಣಿಕರು ಬಸ್ಸು ಬರುವ ಮೊದಲೇ ಅಲ್ಲಿ ಹಣವನ್ನು ತೆತ್ತಿರುವರು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಸಮವಾಗಿರುವುದರಿಂದ ವೃದ್ಧರಿಗೆ ಮೆಟ್ಟಿಲು ಹತ್ತುವ ಶ್ರಮವಿಲ್ಲ.

ಇವೆಲ್ಲಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದಿದೆ. ಎತ್ತರವಾದ ಕಟ್ಟಡಗಳಿಗೆ ಆ ದಾರಿಗಳ ಇಕ್ಕೆಲಗಳಲ್ಲಿಯೇ ಹೆಚ್ಚು ಅವಕಾಶವಿತ್ತರು. ಹೀಗೆ ಜನವಸತಿಯೂ ದಾರಿಯೂ ಒಟ್ಟಿಗೆ ಬೆಳೆದುವು. ನಮ್ಮಲ್ಲಿಯಾದರೋ ಮೊದಲು ಬಡಾವಣೆ, ಆಮೇಲೆ ಮನೆ. ಬಸ್ಸಿನ ಯೋಚನೆ ಕಟ್ಟಕಡೆಗೆ.

ನಮ್ಮ ನಾಡಿನಲ್ಲಿಯೂ ಇಂಥದೇ ಪ್ರಯತ್ನ ನಡೆದಿದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಮೀಸಲು ಪಥದಲ್ಲಿ ‘ಚಿಗರಿ’ ಬಸ್ಸುಗಳು 2018ರಲ್ಲಿ ಓಡತೊಡಗಿದುವು. 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಉಳಿದವರಿಗೆ ದಾರಿ ಕಿರಿದಾಯಿತೆಂಬ ಆಕ್ಷೇಪವೂ ಎದ್ದಿತು. ಆಕ್ಷೇಪವನ್ನು ತಳ್ಳಿಹಾಕಲಾಗದು, ಆದರೆ ಬಸ್ಸಿನೊಳಗಿರುವವರ ತಲೆಗಳನ್ನೂ ಎಣಿಸಿದ ಮೇಲೆಯೇ ತೀರ್ಮಾನಿಸಬೇಕು. ಪಥವೊಂದನ್ನು ಕಟ್ಟಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಮನೆಯಿಂದ ನಿಲ್ದಾಣದವರೆಗೆ ನಿರ್ಭಯವಾದ ಕಾಲುದಾರಿಯಿಲ್ಲದಿದ್ದರೆ ಅತ್ಯುತ್ತಮವಾದ ಬಸ್ಸೂ ನಿಷ್ಪ್ರಯೋಜಕವು.

ಗೃಹಸ್ಥರು ನಿವೇಶನವನ್ನು ಕೊಳ್ಳುವಾಗ ದಿಕ್ಕನ್ನೂ ನೀರನ್ನೂ ವಿಚಾರಿಸುವುದುಂಟು. ಹತ್ತು ವರ್ಷದ ಮಗು ಅಲ್ಲಿಂದ ಬಸ್ಸಿನ ನಿಲ್ದಾಣಕ್ಕೆ ಒಂಟಿಯಾಗಿ ನಡೆದು ಹೋಗಬಲ್ಲುದೆ? ಇದನ್ನೂ ವಿಚಾರಿಸಲಿ. ಮತ ಕೇಳಬಂದವರನ್ನೂ ಇದೇ ಪ್ರಶ್ನೆಯನ್ನು ಕೇಳಲಿ.