ಪ್ರಶ್ನೆ: ಅಮೆರಿಕದ ಮನೆಗಳಲ್ಲಿ ಗೋಡೆಗೂಡಿನೊಳಗೆ ಕಟ್ಟಿಗೆ ಒಲೆ ಇಟ್ಟರೂ ಮನೆಗೆ ಬೆಂಕಿ ಹತ್ತುವುದಿಲ್ಲವೇ?

ಉತ್ತರ: ನಿಯಮ ಮೀರಿದರೆ ಹತ್ತುತ್ತದೆ. ಅಲ್ಲಿನ ಬಹುಪಾಲು ಮನೆಗಳ ಗೋಡೆಯ ಒಳಚೌಕಟ್ಟು ಮರದ್ದು. ಮರ ಸಾಮಾನ್ಯವಾಗಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊತ್ತಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಬಿಸಿ ತಾಗಿದ ಮರ ಒಳಗೊಳಗೇ ಕರಿಕಾಗಿ, ಅದಕ್ಕಿಂತ ಕಡಿಮೆ ಶಾಖಕ್ಕೂ ಹೊತ್ತಿಕೊಳ್ಳಬಹುದು. ಹತ್ತು ಚಳಿಗಾಲ ಏನೂ ಆಗಲಿಲ್ಲ ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ಗೂಡಿನಲ್ಲಿ ಮೂರು ಕಡೆ ಗೋಡೆ, ಮೇಲೆ ತಗ್ಗಿದ ಚಾವಣಿ. ಬಿಸಿಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಗೂಡಿನಲ್ಲಿಡಲು ಯೋಗ್ಯವೆಂದು ಪರೀಕ್ಷೆಯಾದ ಒಲೆಯನ್ನೇ ಆರಿಸಬೇಕು, ಒಲೆಗೂ ಉರಿಯಬಲ್ಲ ಗೋಡೆಗೂ ನಡುವೆ ಅದರ ಕೈಪಿಡಿ ಹೇಳಿದ ಅಂತರವನ್ನೇ ಬಿಡಬೇಕು. ಪರೀಕ್ಷೆಯಾಗದ ಒಲೆಗೆ, ತೆರೆದ ಕೋಣೆಯಲ್ಲೂ, ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎಯ 211ನೇ ಮಾನದಂಡ ಕೇಳುವ ಅಂತರ 36 ಇಂಚು.

ಗೋಡೆಗೆ ಕಲ್ಲು, ಟೈಲ್ಸ್ ಅಂಟಿಸಿದರೆ ಸಾಕೆಂಬುದು ತಪ್ಪು ನಂಬಿಕೆ. ಕಲ್ಲು ಉರಿಯದು, ಆದರೆ ಬಿಸಿಯನ್ನು ಹಿಂದಿನ ಮರಕ್ಕೆ ದಾಟಿಸುತ್ತದೆ. ಕಾಪಾಡುವುದು ಗಾಳಿ: ಉರಿಯದ ಹಲಗೆಯನ್ನು ಗೋಡೆಯಿಂದ ಒಂದು ಇಂಚು ದೂರ ನಿಲ್ಲಿಸಿ, ಕೆಳಗೂ ಮೇಲೂ ಸಂದು ಬಿಟ್ಟರೆ, ಅದರ ಹಿಂದೆ ತಣ್ಣನೆಯ ಗಾಳಿ ಏರುತ್ತಾ ಶಾಖವನ್ನು ಒಯ್ಯುತ್ತದೆ. ಒಲೆಯಡಿಯ ನೆಲಹಾಸೂ ಉರಿಯದ್ದಾಗಿರಬೇಕು, ಮುಂದಕ್ಕೂ ಚಾಚಿರಬೇಕು. ಏಕೆಂದರೆ ಕೆಂಡ ಸಿಡಿಯುವುದು ಹೆಚ್ಚಾಗಿ ಒಲೆಯ ಬಾಗಿಲು ತೆರೆದಾಗ.

ಹಸಿ ಕಟ್ಟಿಗೆ ಚಿಮಣಿಯೊಳಗೆ ಹೊತ್ತಿಕೊಳ್ಳಬಲ್ಲ ಅಂಟುಮಸಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಒಲೆಯಿಂದ ಹೊರಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದರ ಅಲಾರಂ ಇಲ್ಲದ ಮನೆಯಲ್ಲಿ ಇಂಥ ಒಲೆ ಹಚ್ಚಲೇಬಾರದು.